ತಿಂಗಳ ಮೊದಲ ಮಂಗಳವಾರ

ಮೂವತ್ತೊಂದು ವರ್ಷ ಈ ದ್ವೀಪದಲ್ಲಿ ಟಪಾಲು ಹಂಚಿದವಳು ನಾನು.
ಯಾವ ಬಾಗಿಲಿನ ನಾಯಿ ಬೊಗಳುತ್ತದೆ,
ಯಾವುದು ಬರೇ ಬಾಲ ಆಡಿಸುತ್ತದೆ, ನನ್ನ ಕಾಲಿಗೇ ಗೊತ್ತು.
ಈಗ ಚೀಲದಲ್ಲಿ ಕಾಗದಗಳಿಲ್ಲ.
ಒಂದು ಟಾರ್ಚು, ಒಣಬಟ್ಟೆ, ಬೀಗಕ್ಕೆ ಎಣ್ಣೆ,
ಅಂಚು ಮುದುಡಿದ ರಿಜಿಸ್ಟರು.

ಐದು ಪೆಟ್ಟಿಗೆ.
ದೋಣಿಕಟ್ಟೆಗೊಂದು, ಮೀನಿನ ಕಾರ್ಖಾನೆಗೊಂದು,
ಶಾಲೆ, ಚರ್ಚು,
ಮತ್ತೆ ಸುರಂಗದ ಬಾಯಲ್ಲಿ
ಕುರಿಗಳಷ್ಟೇ ನೋಡುವ ಜಾಗದಲ್ಲಿ ಐದನೆಯದು.

ಮುಚ್ಚಳ ತೆರೆದರೆ ಮೊದಲು ಹಸಿರು ದೀಪ.
ಮಿಟುಕಿತೇ? ಮಿಟುಕಿತು.
ಎರಡನೇ ಸಲ ಮಿಟುಕುವ ತನಕ
ನನ್ನ ಉಸಿರು ಅಲ್ಲೇ ನಿಂತಿರುತ್ತದೆ, ಇಷ್ಟು ವರ್ಷವಾದರೂ.
ಎದೆಗಂಟಿಸುವ ಪ್ಯಾಡುಗಳ ಲಕೋಟೆ, ಒಡೆದಿಲ್ಲ ತಾನೇ?
ಮೇಲಿನ ತಾರೀಕನ್ನು ಬೆರಳಿಟ್ಟು ಓದುತ್ತೇನೆ.
ಹಳೇ ಚಾಳಿ, ಲಕೋಟೆ ಕಂಡರೆ ವಿಳಾಸ ಹುಡುಕುವುದು.
ಇದಕ್ಕೆ ವಿಳಾಸವಿಲ್ಲ.
ಯಾರಿಗೂ ತಲುಪದಿರಲಿ ಎಂದು
ಎರಡು ವರ್ಷ ಕಾದು ಕೂರುವ ಕಾಗದ.

ಕತ್ತರಿ, ಕೈಗವಸು, ಎದೆಗೂದಲು ಬೋಳಿಸಲು ಅಗ್ಗದ ರೇಜರು.
ಒಮ್ಮೆ ರೇಜರೇ ಇರಲಿಲ್ಲ.
ಕಾರ್ಖಾನೆಯ ಹುಡುಗ ಬೋಗಿ
ಶನಿವಾರದ ಕುಣಿತಕ್ಕೆಂದು ಗಡ್ಡ ಕೆರೆದುಕೊಂಡಿದ್ದ.
ಬೈದೆ. ಸಾಲದೆಂದು ಅವನ ತಾಯಿಗೂ ಹೇಳಿದೆ.
ಮರುದಿನ ಆರು ತಂದಿಟ್ಟ, ಎಲ್ಲವೂ ಗುಲಾಬಿ ಬಣ್ಣದವು.

ಉಪ್ಪು ಇಲ್ಲಿ ಎಲ್ಲವನ್ನೂ ತಿನ್ನುತ್ತದೆ,
ತಿರುಗಣೆಯನ್ನು, ಮೊಳೆಯನ್ನು, ಚರ್ಚಿನ ಗಂಟೆಯನ್ನೂ.
ಪೆಟ್ಟಿಗೆಯೊಳಗೆ ಪುಟ್ಟ ಹೀಟರು,
ಚಳಿಗೆ ಪ್ಯಾಡಿನ ಅಂಟು ಸೆಟೆಯಬಾರದಲ್ಲ.
ಜನವರಿಯಲ್ಲಿ ಕೈ ಮರಗಟ್ಟಿದಾಗ
ನಾನೂ ಬೆರಳು ಒಳಗಿಟ್ಟು ಕಾಯಿಸಿಕೊಳ್ಳುತ್ತೇನೆ.
ರಿಜಿಸ್ಟರಿನಲ್ಲಿ ಇದಕ್ಕೆ ಕಾಲಮ್ಮಿಲ್ಲ.

ಯಂತ್ರ ಮಾತಾಡುವುದು ಡೇನಿಶ್‌ನಲ್ಲಿ,
ಕೋಪನ್‌ಹೇಗನ್ನಿನ ಯಾವುದೋ ಬೆಚ್ಚನೆ ಕೋಣೆಯ ಹೆಣ್ಣುದನಿ.
"ಸಾಯುವಾಗಲಾದರೂ ನಮ್ಮ ಫ್ಯಾರೋ ಮಾತು ಕೇಳಬಾರದೇ?"
ಎಂದಿದ್ದ ಹಾನುಸ್, ದೋಣಿಗೆ ಹಗ್ಗ ಬಿಗಿಯುವವನು.
"ಅದು ನಿನ್ನ ಕಿವಿಗಲ್ಲವೋ, ಪಕ್ಕದಲ್ಲಿ ಮಂಡಿಯೂರಿದವರ ಕಿವಿಗೆ."
"ಹಾಗಾದರೆ ನೀನೇ ಮಂಡಿಯೂರು. ಭಾಷಾಂತರ ಮಾಡಿ ಹೇಳು."
ನಕ್ಕೆವು.

ನವೆಂಬರಿನಲ್ಲಿ ಅವನೇ.
ಹಗ್ಗ ಇನ್ನೂ ಕೈಯಲ್ಲಿ.
ಬೋಗಿ ಓಡಿ ಪೆಟ್ಟಿಗೆ ತಂದ, ನಾನು ಮಂಡಿಯೂರಿದೆ,
ಗುಲಾಬಿ ರೇಜರಿನಲ್ಲಿ ಅವನ ಎದೆಯ ನರೆ ಬೋಳಿಸಿದೆ.
ಪ್ಯಾಡು ಅಂಟಿತು, ತಂತಿ ಕೂಡಿತು,
ಎಲ್ಲವೂ ಇರಬೇಕಾದ ಹಾಗೆಯೇ ಇತ್ತು.
ಯಾರೂ ಮುಟ್ಟಬೇಡಿ, ಎಂದಳು ಅವಳು.
ಪರೀಕ್ಷಿಸುತ್ತಿದ್ದೇನೆ, ಎಂದಳು.
ಆಮೇಲೆ, ಆಘಾತ ಬೇಡ, ಎಂದಳು.

ಜನ ತಿಳಿದಿರುತ್ತಾರೆ, ನಿಂತ ಗುಂಡಿಗೆಗೆ ಇದು ಬೀಗದಕೈ ಎಂದು.
ಅಲ್ಲ.
ದಿಕ್ಕೆಟ್ಟು ನಡುಗುವ ಗುಂಡಿಗೆಯನ್ನು ಗದರಿ
ಒಂದು ಗಳಿಗೆ ಸುಮ್ಮನಾಗಿಸುತ್ತದೆ,
ತಾನೇ ತಾಳ ಹಿಡಿಯಲಿ ಎಂದು.
ಆಗಲೇ ಸುಮ್ಮನಾದದ್ದನ್ನು ಗದರಿ ಏನು ಬಂತು?
ಒತ್ತುತ್ತಿರಿ, ಎಂದಳು.
ಹೆಲಿಕಾಪ್ಟರು ಬರುವ ತನಕ
ನಲವತ್ತು ನಿಮಿಷ, ಸರದಿಯಲ್ಲಿ ಒತ್ತಿದೆವು.
ಭಾಷಾಂತರ ಮಾಡಲಿಲ್ಲ ನಾನು.

ಮರುದಿನ ಹೊಸ ಪ್ಯಾಡು ಇಟ್ಟು ರಿಜಿಸ್ಟರು ತೆರೆದೆ.
ಯಂತ್ರದ ಸ್ಥಿತಿ? ಕೇಳಿತು ಮೂರನೇ ಕಾಲಮ್ಮು.
ಸರಿಯಾಗಿದೆ ಎಂದು ಬರೆಯಲು
ಪೆನ್ನಿಗೆ ಬಹಳ ಹೊತ್ತು ಹಿಡಿಯಿತು. ಸುಳ್ಳೇನಲ್ಲ.

ಯಂತ್ರಕ್ಕೆ ನಮ್ಮ ಮಾತು ಕಲಿಸಲಾಗದೇ
ಎಂದು ಕಂಪನಿಗೆ ಬರೆದೆ, ಅಂಚೆಚೀಟಿ ಹಚ್ಚಿದ ಕಾಗದ.
ಪರಿಶೀಲನೆಯಲ್ಲಿದೆ, ಎಂದು ಉತ್ತರ ಬಂದಿದೆ. ಡೇನಿಶ್‌ನಲ್ಲಿ.

ಇವತ್ತು ಮಂಗಳವಾರ. ನಾಲ್ಕು ಮುಗಿದವು.
ಸುರಂಗದ ಬಾಯಲ್ಲಿ ಮಂಜು,
ಒಂದು ಒದ್ದೆ ಕುರಿ ನನ್ನನ್ನೇ ನೋಡುತ್ತ ಮೆಲುಕು ಹಾಕುತ್ತಿದೆ.
ಮುಚ್ಚಳ ತೆರೆದಿದ್ದೇನೆ.
ಮಿಟುಕಿತು, ಒಂದು ಸಲ.